ತೂಕ ಈ ಗಾಡಿಯದು, ನಂಬರ್ ಹಿಂದಿನ ಗಾಡಿಯದು: ಪೋಸ್ಟ್‌ಗ್ರೆಸ್ ಒಳಗೆ ಮೆಮೊರಿ ಬ್ಯಾರಿಯರ್ ಹಾಕಿದ ಬಗೆ

ಕಬ್ಬಿನ ಗಾಡಿ ತೂಗುವ ಕಾಟಾದ ಇಂಡಿಕೇಟರ್ ಸೆಕೆಂಡಿಗೆ 10 ಸಲ ತೂಕ ಕಳಿಸುತ್ತದೆ. ಗಾಡಿ ಕಾಟಾ ಏರಿದಾಗಿನಿಂದ ಇಳಿಯುವವರೆಗಿನ ಅಷ್ಟೂ ರೀಡಿಂಗ್ ಉಳಿಸಬೇಕು, ನಾಳೆ ರೈತರು ತೂಕದ ಬಗ್ಗೆ ತಕರಾರು ತೆಗೆದರೆ ತೋರಿಸಲು. ಒಂದೊಂದಕ್ಕೂ ಕಮಿಟ್ (ಡಿಸ್ಕಿಗೆ ಖಾಯಂ ಬರಹ) ಮಾಡುತ್ತ ಕೂತರೆ ಡಿಸ್ಕಿಗೆ ಕಾಯುವುದರಲ್ಲೇ ಸೀರಿಯಲ್ ಪೋರ್ಟ್ ಓದುವುದು ಹಿಂದೆ ಬೀಳುತ್ತದೆ. ಹಾಗಾಗಿ ಬೆಳಗಾವಿ ಕಡೆಯ ಕಾಟಾಗಳಿಗೆ ಮಾಡಿದ ನಮ್ಮ ಎಕ್ಸ್‌ಟೆನ್ಶನ್‌ನಲ್ಲಿ (ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಿಸುವ ಹೆಚ್ಚುವರಿ ಕೋಡ್) ಎರಡು ಬ್ಯಾಕ್‌ಗ್ರೌಂಡ್ ವರ್ಕರ್‌ಗಳಿವೆ, ಅಂದರೆ ಹಿನ್ನೆಲೆಯಲ್ಲಿ ಓಡುವ ಬೇರೆ ಬೇರೆ ಪ್ರೊಸೆಸ್‌ಗಳು. ಒಂದು ಪೋರ್ಟ್ ಓದಿ, ಎರಡಕ್ಕೂ ಕಾಣುವ ಶೇರ್ಡ್ ಮೆಮೊರಿಯ ರಿಂಗ್‌ಗೆ (ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಬರುವ ಸ್ಲಾಟುಗಳ ಸಾಲು) ತುಂಬುತ್ತದೆ, ಇನ್ನೊಂದು ರಿಂಗ್‌ನಿಂದ ತೆಗೆದು ಗುಂಪಾಗಿ ಟೇಬಲ್ಲಿಗೆ ಹಾಕುತ್ತದೆ. ರಿಂಗ್‌ನಲ್ಲಿ 256 ಸ್ಲಾಟ್, ಒಂದೊಂದು 128 ಬೈಟ್, ಒಟ್ಟು 32 ಕೆಬಿ. ಬರೆಯುವವನ ಲೆಕ್ಕ ಹೆಡ್, ಓದುವವನ ಲೆಕ್ಕ ಟೇಲ್.

ಇಂಟೆಲ್ ಮಶೀನಿನ ಮೇಲೆ ಇದು ತಂಟೆಯಿಲ್ಲದೆ ನಡೆದಿತ್ತು. ಕರೆಂಟ್ ಕಡಿಮೆ ತಿನ್ನುತ್ತದೆ, ಯುಪಿಎಸ್ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಕಾಟಾ ರೂಮಿಗೆ ಆರ್ಮ್ ಪೆಟ್ಟಿಗೆ ಇಟ್ಟ ಮೇಲೆ ಆಪರೇಟರ್ ಹೇಳಿದ್ದು ಇಷ್ಟು: "ಸರ್, ತೂಕ ಈ ಗಾಡೀದ ಐತ್ರಿ, ನಂಬರ್ ಹಿಂದಿನ ಗಾಡೀದು ಬಂದೈತಿ."

ಕೆಟ್ಟ ಸಾಲುಗಳನ್ನು ತೆಗೆದು ನೋಡಿದರೆ ಸುಳಿವು ಅಲ್ಲೇ ಇತ್ತು. ತಪ್ಪಾಗಿ ಬಂದ ಗಾಡಿ ನಂಬರ್ ಸರಿಯಾಗಿ 256 ರೀಡಿಂಗ್ ಹಿಂದಿನದು. ಸೆಕೆಂಡಿಗೆ 10ರಂತೆ 25.6 ಸೆಕೆಂಡ್ ಹಿಂದೆ ಕಾಟಾ ಮೇಲಿದ್ದ ಗಾಡಿ. ಅಂದರೆ ಅದೇ ಸ್ಲಾಟಿನ ಹಳೇ ಸರಕು. ತೂಕ ಸ್ಲಾಟಿನ ಮೊದಲ 64 ಬೈಟಿನಲ್ಲಿತ್ತು, ನಂಬರ್ ಎರಡನೆಯದರಲ್ಲಿ. ಎರಡೂ ಬೇರೆ ಬೇರೆ ಕ್ಯಾಶ್ ಲೈನ್, ಅಂದರೆ ಪ್ರೊಸೆಸರ್ ಒಮ್ಮೆಗೆ ಸಾಗಿಸುವ ಮೆಮೊರಿ ತುಂಡು. ಬರೆಯುವ ವರ್ಕರ್ ತೂಕ, ನಂಬರ್, ಆಮೇಲೆ ಹೆಡ್ ಎಂಬ ಕ್ರಮದಲ್ಲೇ ಬರೆದಿದ್ದರೂ ಪ್ರೊಸೆಸರಿನ ಇನ್ನೊಂದು ಕೋರಿಗೆ ಕಂಡದ್ದು ತೂಕ, ಹೆಡ್, ಕೊನೆಗೆ ನಂಬರ್. ಚೀಟಿ ಬರೆದು ಮುಗಿಯುವ ಮೊದಲೇ "ಮುಂದಿನ ಗಾಡಿ ಬರಲಿ" ಎಂದು ಸೀಟಿ ಊದಿದ ಹಾಗೆ. ಇಂಥದ್ದನ್ನು ತಡೆಯುವ ಸೂಚನೆಯೇ ಮೆಮೊರಿ ಬ್ಯಾರಿಯರ್: ತನ್ನ ಹಿಂದಿನ, ಮುಂದಿನ ಓದು-ಬರಹಗಳ ಕ್ರಮ ತಪ್ಪದಂತೆ ಕಾಯುತ್ತದೆ.

ಇಂಟೆಲ್‌ನಲ್ಲಿ ಇದು ಯಾಕೆ ಕಾಣಲಿಲ್ಲವೆಂದರೆ, ಅಲ್ಲಿ ಸಾಮಾನ್ಯ ಮೆಮೊರಿಗೆ ಮಾಡಿದ ಬರಹಗಳು ಬರೆದ ಕ್ರಮದಲ್ಲೇ ಬೇರೆ ಕೋರುಗಳಿಗೆ ಕಾಣುತ್ತವೆ, ಓದುಗಳೂ ಕ್ರಮ ತಪ್ಪಿದಂತೆ ತೋರುವುದಿಲ್ಲ. ಒಂದು ಜಾಗಕ್ಕೆ ಬರೆದು ಬೇರೆ ಜಾಗ ಓದುವಾಗ ಮಾತ್ರ ಓದು ಮುಂದೆ ನುಗ್ಗಬಹುದು, ಬರಹ ಇನ್ನೂ ಕೋರಿನ ಒಳಗಿನ ತಾತ್ಕಾಲಿಕ ಸರದಿಯಾದ ಸ್ಟೋರ್ ಬಫರ್‌ನಲ್ಲೇ ಕೂತಿರುತ್ತದೆ. ಆರ್ಮ್‌ನಲ್ಲಿ ಓದು-ಓದು, ಓದು-ಬರಹ, ಬರಹ-ಓದು, ಬರಹ-ಬರಹ, ಈ ನಾಲ್ಕೂ ಜೋಡಿ ಸಡಿಲ. ಹಾಗೆಂದು ಇಂಟೆಲ್‌ನಲ್ಲಿ ಕೋಡ್ ಸರಿಯಿತ್ತು ಎನ್ನಬೇಡಿ. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್‌ಗೂ ಆ ಸಾಲುಗಳನ್ನು ಅದಲುಬದಲು ಮಾಡುವ ಹಕ್ಕಿದೆ, ಅದು ಮಾಡದೇ ಇದ್ದದ್ದು ನಮ್ಮ ಪುಣ್ಯ.

ಸಿ ಭಾಷೆಯ ವೊಲಟೈಲ್ ಗುರುತು ಹಾಕಿದರೆ ಸಾಲದೇ ಎಂದು ಪ್ರತಿ ರಿವ್ಯೂನಲ್ಲೂ ಯಾರಾದರೂ ಕೇಳುತ್ತಾರೆ. ಸಾಲದು. ಅದು ಕಂಪೈಲರ್‌ಗೆ ಹೇಳುವ ಮಾತು, ಪ್ರೊಸೆಸರ್‌ಗೆ ಮುಟ್ಟುವುದೇ ಇಲ್ಲ. ವೊಲಟೈಲ್ ಅಲ್ಲದ ಸಾಲುಗಳನ್ನು ಅದರ ಆಚೀಚೆ ಸರಿಸಲು ಕಂಪೈಲರ್‌ಗೂ ಅಡ್ಡಿಯಿಲ್ಲ. ಬ್ಯಾರಿಯರ್ ಹಾಕಿದರೆ ಕ್ಯಾಶ್ ಖಾಲಿಯಾಗಿ ಡೇಟಾ ಬೇಗ ಮುಟ್ಟುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಅದು ಕ್ರಮ ಕಾಯುತ್ತದೆ, ವೇಗ ಹೆಚ್ಚಿಸುವುದಿಲ್ಲ.

ಪೋಸ್ಟ್‌ಗ್ರೆಸ್ ಮೂರು ಬ್ಯಾರಿಯರ್ ಕೊಡುತ್ತದೆ. ರೀಡ್ ಬ್ಯಾರಿಯರ್ ಹಿಂದಿನ ಓದು, ಮುಂದಿನ ಓದುಗಳ ಕ್ರಮ ಕಾಯುತ್ತದೆ. ರೈಟ್ ಬ್ಯಾರಿಯರ್ ಹಿಂದಿನ ಬರಹ, ಮುಂದಿನ ಬರಹಗಳ ಕ್ರಮವನ್ನು. ಓದು-ಬರಹ ಬೆರೆತಲ್ಲಿ ಪೂರ್ತಿ ಮೆಮೊರಿ ಬ್ಯಾರಿಯರ್ ಬೇಕು. ಕಂಪೈಲರ್ ಬ್ಯಾರಿಯರ್ ಬೇರೆ ಇದೆ, ಅದನ್ನು ನಾವು ಬಳಸಿಲ್ಲ. ಅಟಾಮಿಕ್ ರೀಡ್ ಮತ್ತು ಅಟಾಮಿಕ್ ರೈಟ್ ಎಂಬ ಹೆಸರು ನೋಡಿ ಮೋಸಹೋಗಬಾರದು. ಇವು ಮೌಲ್ಯ ಅರ್ಧಂಬರ್ಧ ಕಾಣದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ಅಕ್ಕಪಕ್ಕದ ಸಾಲುಗಳ ಕ್ರಮಕ್ಕೆ ಜವಾಬ್ದಾರಿ ಹೊರುವುದಿಲ್ಲ. ಓದಿ ಕೂಡಿಸಿ ಬರೆಯುವ ಫೆಚ್-ಆ್ಯಡ್, ಹೋಲಿಸಿ ಬದಲಿಸುವ ಕಂಪೇರ್-ಎಕ್ಸ್‌ಚೇಂಜ್‌ಗಳಿಗೆ ಪೂರ್ತಿ ಬ್ಯಾರಿಯರ್ ಗುಣವಿದೆ. 17ನೇ ಆವೃತ್ತಿಯಿಂದ ಬ್ಯಾರಿಯರ್ ಸಮೇತದ ಅಟಾಮಿಕ್ ಓದು-ಬರಹವೂ ಬಂದಿದೆ.

ಈಗ ರಿಂಗ್ ಇರುವುದು ಹೀಗೆ. ಬರೆಯುವವನು ಟೇಲ್ ಓದಿ, ಹೆಡ್‌ನಿಂದ ಕಳೆದು 256 ಬಂದರೆ ಜಾಗವಿಲ್ಲವೆಂದು ನಿಲ್ಲುತ್ತಾನೆ. ಜಾಗವಿದ್ದರೆ ಪೂರ್ತಿ ಬ್ಯಾರಿಯರ್. ಸ್ಲಾಟ್ ತುಂಬುತ್ತಾನೆ. ರೈಟ್ ಬ್ಯಾರಿಯರ್. ಹೆಡ್ ಒಂದು ಏರಿಸುತ್ತಾನೆ. ಓದುವವನು ಹೆಡ್ ಓದುತ್ತಾನೆ, ಟೇಲ್‌ಗೆ ಸಮವಾಗಿದ್ದರೆ ಕೆಲಸವಿಲ್ಲ. ಇಲ್ಲದಿದ್ದರೆ ರೀಡ್ ಬ್ಯಾರಿಯರ್, ಸ್ಲಾಟನ್ನು ತನ್ನ ಸ್ವಂತ ಮೆಮೊರಿಗೆ ನಕಲು, ಆಮೇಲೆ ಪೂರ್ತಿ ಬ್ಯಾರಿಯರ್, ಟೇಲ್ ಏರಿಕೆ.

ಜನ ತಪ್ಪುವುದು ಕೊನೆಯದರಲ್ಲಿ. "ಓದುವವನಲ್ಲವೇ, ರೀಡ್ ಬ್ಯಾರಿಯರ್ ಸಾಕು" ಎಂದು ಅಲ್ಲೂ ಅದನ್ನೇ ಹಾಕುತ್ತಾರೆ. ಆದರೆ ಅಲ್ಲಿ ಮೊದಲು ಓದು, ಆಮೇಲೆ ಬರಹ. ಟೇಲ್ ಮೊದಲು ಕಂಡುಬಿಟ್ಟರೆ ಬರೆಯುವವನು ಜಾಗ ಖಾಲಿಯಾಯಿತೆಂದು, ನಾವಿನ್ನೂ ನಕಲು ಮಾಡುತ್ತಿರುವ ಸ್ಲಾಟಿನ ಮೇಲೇ ಬರೆಯುತ್ತಾನೆ. ರಿಂಗ್ ತುಂಬಿದಾಗ ಮಾತ್ರ ಆಗುವ ತಪ್ಪಿದು, ಆದ್ದರಿಂದ ಸೀಸನ್ ನಡುವೆ ಗಾಡಿಗಳ ಸಾಲು ಬೆಳೆದು ಡಿಸ್ಕ್ ಏದುಸಿರು ಬಿಡುವಾಗಲೇ ತಲೆ ಎತ್ತುತ್ತದೆ.

ಇನ್ನೊಂದು ವಾದ: "ಹೆಡ್ ನೋಡಿ ಇಫ್ ದಾಟಿದ ಮೇಲೆ ತಾನೇ ಸ್ಲಾಟ್ ಓದುವುದು, ನಡುವೆ ಬ್ಯಾರಿಯರ್ ಯಾಕೆ?" ಪ್ರೊಸೆಸರ್ ಇಫ್‌ನ ಉತ್ತರಕ್ಕೆ ಕಾಯುವುದಿಲ್ಲ. ಊಹೆಯ ಮೇಲೆ ಸ್ಲಾಟನ್ನು ಮೊದಲೇ ಓದಿಟ್ಟುಕೊಂಡು, ಊಹೆ ಸರಿಯಾದರೆ ಆ ಹಳೇ ಮೌಲ್ಯವನ್ನೇ ಕೊಡುತ್ತದೆ. ಬರಹಕ್ಕೆ ಹೀಗಾಗದು, ಊಹೆಯ ಬರಹವನ್ನು ಆರ್ಮ್ ಹೊರಗೆ ತೋರಿಸುವುದಿಲ್ಲ. ಆದರೆ ಈ ಭೇದ ನಂಬಿ ಬರೆಯುವವನ ಕಡೆಯ ಪೂರ್ತಿ ಬ್ಯಾರಿಯರ್ ತೆಗೆಯಲು ನಾವು ಹೋಗಿಲ್ಲ. ನಡುವೆ ಕಂಪೈಲರ್ ಇದೆ, ಅದು ಸಾಲುಗಳನ್ನು ಸರಿಸೀತು.

ಬ್ಯಾರಿಯರ್ ಯಾವತ್ತೂ ಜೋಡಿಯಲ್ಲೇ ಕೆಲಸ ಮಾಡುವುದು, ಎತ್ತಿನ ಹಾಗೆ. ಬರೆಯುವ ಕಡೆ ಒಂದನ್ನೇ ಹಾಕಿ ಓದುವ ಕಡೆ ಬಿಟ್ಟರೆ ಏನೂ ಹಾಕದಂತೆಯೇ ಲೆಕ್ಕ. ನಮ್ಮಲ್ಲಿ ಪ್ರತಿ ಬ್ಯಾರಿಯರ್ ಮೇಲೂ ಮೂರು ಮಾತಿನ ಕಮೆಂಟ್ ಕಡ್ಡಾಯ: ಮೊದಲಾಗಬೇಕಾದದ್ದು ಯಾವುದು, ಆಮೇಲಿನದು ಯಾವುದು, ಇದರ ಜೋಡಿ ಯಾವ ಫಂಕ್ಷನ್‌ನಲ್ಲಿದೆ. ಮೂರನೆಯದು ಬರೆಯಲಾಗದಿದ್ದರೆ ಆ ಬ್ಯಾರಿಯರ್ ದೃಷ್ಟಿಬೊಟ್ಟು.

ಆಪರೇಟರ್ ಪರದೆಯ ಈಗಿನ ತೂಕಕ್ಕೆ ರಿಂಗ್ ಬೇಡ. ಒಬ್ಬ ಬರೆಯುತ್ತಾನೆ, ಹಲವರು ನೋಡುತ್ತಾರೆ. ಪೋಸ್ಟ್‌ಗ್ರೆಸ್ ತನ್ನ ಸೆಷನ್ ಸ್ಥಿತಿ ತೋರಿಸಲು ಬಳಸುವ ಚೇಂಜ್‌ಕೌಂಟ್ ಪದ್ಧತಿಯನ್ನೇ ತೆಗೆದುಕೊಂಡೆವು. ಎಣಿಕೆ ಒಂದು ಏರಿಸಿ ಬೆಸ ಮಾಡು, ರೈಟ್ ಬ್ಯಾರಿಯರ್, ಮಾಹಿತಿ ಬರೆ, ರೈಟ್ ಬ್ಯಾರಿಯರ್, ಎಣಿಕೆ ಮತ್ತೆ ಏರಿಸಿ ಸಮ ಮಾಡು. ನೋಡುವವನು ಎಣಿಕೆ ಓದಿ, ರೀಡ್ ಬ್ಯಾರಿಯರ್, ನಕಲು, ಮತ್ತೆ ರೀಡ್ ಬ್ಯಾರಿಯರ್, ಮತ್ತೆ ಎಣಿಕೆ. ಎರಡೂ ಒಂದೇ ಆಗಿದ್ದು ಸಮಸಂಖ್ಯೆಯಾಗಿದ್ದರೆ ಸರಿ, ಇಲ್ಲವಾದರೆ ಪುನಃ. ಬರೆಯುವವನು ನಡುವೆ ಎರರ್ ಎಸೆದು ಹೊರಟರೆ ಎಣಿಕೆ ಬೆಸವಾಗಿಯೇ ಉಳಿದು ನೋಡುವವರೆಲ್ಲ ಸುತ್ತುತ್ತಲೇ ಇರುತ್ತಾರೆ. ಅದಕ್ಕೇ ಆ ತುಣುಕು ಕ್ರಿಟಿಕಲ್ ಸೆಕ್ಷನ್ ಒಳಗಿರಬೇಕು. ಅಲ್ಲಿ ಎರರ್ ಬಂದರೆ ಪ್ಯಾನಿಕ್ ಆಗಿ ಸರ್ವರೇ ಮರುಪ್ರಾರಂಭವಾಗುತ್ತದೆ, ಹಾಗಾಗಿ ಒಳಗೆ ಮೆಮೊರಿ ಹಂಚಿಕೆ, ಲಾಗ್ ಬರಹ ಏನೂ ಬೇಡ.

ಇಂಟೆಲ್‌ನಲ್ಲೂ ಕೈಕೊಡುವ ಜಾಗ ಒಂದಿತ್ತು: ಎಬ್ಬಿಸುವುದು. ಓದುವವನು "ಮಲಗುತ್ತೇನೆ" ಎಂದು ಗುರುತು ಹಾಕಿ ಹೆಡ್ ನೋಡಿ ಮಲಗುತ್ತಿದ್ದ. ಬರೆಯುವವನು ಹೆಡ್ ಏರಿಸಿ ಆ ಗುರುತು ನೋಡುತ್ತಿದ್ದ. ಇಬ್ಬರೂ ಬರೆದು, ಆಮೇಲೆ ಓದುತ್ತಾರೆ. ಎರಡೂ ಕಡೆ ಪೂರ್ತಿ ಬ್ಯಾರಿಯರ್ ಇಲ್ಲದಿದ್ದರೆ ಇಬ್ಬರೂ ಹಳೆಯದನ್ನೇ ಕಂಡು, ಅವನು ಮಲಗುತ್ತಾನೆ, ಇವನು ಎಬ್ಬಿಸುವುದಿಲ್ಲ. ನಮ್ಮ ಕೋಡಿನಲ್ಲಿ 5 ಸೆಕೆಂಡಿನ ಟೈಮ್‌ಔಟ್ ಇದ್ದುದರಿಂದ ಎರರ್ ಬರುತ್ತಿರಲಿಲ್ಲ, ಒಮ್ಮೊಮ್ಮೆ ಚೀಟಿ ತಡ, ಅಷ್ಟೇ. ಕೊನೆಗೆ ಆ ಗುರುತನ್ನೇ ಕಿತ್ತು ಹಾಕಿ ಮಲಗಿದ ಪ್ರೊಸೆಸನ್ನು ಎಬ್ಬಿಸುವ ಪೋಸ್ಟ್‌ಗ್ರೆಸ್‌ನದೇ ಸಲಕರಣೆಯಾದ ಲ್ಯಾಚ್ ಅನ್ನಷ್ಟೇ ಉಳಿಸಿದೆವು. ಸೆಟ್ ಲ್ಯಾಚ್, ರಿಸೆಟ್ ಲ್ಯಾಚ್ ಎರಡರೊಳಗೂ ಬೇಕಾದ ಬ್ಯಾರಿಯರ್ ಇದೆ. ಮೊದಲು ರಿಸೆಟ್, ಆಮೇಲೆ ರಿಂಗ್ ನೋಡುವುದು, ಖಾಲಿಯಿದ್ದರೆ ಕಾಯುವುದು. ರಿಂಗ್ ನೋಡಿದ ಮೇಲೆ ರಿಸೆಟ್ ಮಾಡಿದರೆ ನಡುವೆ ಬಂದ ಕರೆ ಅಳಿಸಿಹೋಗುತ್ತದೆ.

ಪರೀಕ್ಷೆಗೆ ರಾಸ್ಪ್‌ಬೆರಿ ಪೈ 4 ಸಾಕು. ಅದರ ನಾಲ್ಕು ಕಾರ್ಟೆಕ್ಸ್ ಎ72 ಕೋರುಗಳು ಕ್ರಮ ಮೀರಿ ಕೆಲಸ ಮಾಡುವಂಥವು. ಪೈ 3ರ ಎ53 ಅಷ್ಟು ಚುರುಕಲ್ಲ, ಅಲ್ಲಿ ತಪ್ಪು ಅಡಗಿಯೇ ಉಳಿಯಬಹುದು. ರಿಂಗನ್ನು 2 ಸ್ಲಾಟಿಗೆ ಇಳಿಸಿ, 128 ಬೈಟನ್ನು 16 ಪದಗಳಾಗಿ ಮಾಡಿ, ಹದಿನಾರಕ್ಕೂ ಒಂದೇ ಕ್ರಮಸಂಖ್ಯೆ ತುಂಬಿ. ಓದುವವನು ಹದಿನಾರೂ ಒಂದೇ ಇವೆಯೇ ಎಂದು ನೋಡಲಿ. ಲಿನಕ್ಸಿನ ಟಾಸ್ಕ್‌ಸೆಟ್ ಕಮಾಂಡಿನಿಂದ ಇಬ್ಬರನ್ನೂ ಬೇರೆ ಬೇರೆ ಕೋರಿಗೆ ಕಟ್ಟಿ, ನಡುವೆ ನಿದ್ದೆಯಿಲ್ಲದೆ ಓಡಿಸಿ. ಕಂಪೈಲ್ ಮಾಡುವುದು ಕೋಡನ್ನು ಚುರುಕುಗೊಳಿಸುವ ಓ2 ಮಟ್ಟದಲ್ಲೇ. ಮೊದಲು ಬ್ಯಾರಿಯರ್ ತೆಗೆದು ಓಡಿಸಿ, ಕೆಡಬೇಕು. ಕೆಡದಿದ್ದರೆ ಪರೀಕ್ಷೆಯೇ ಸರಿಯಿಲ್ಲ, ಅದನ್ನು ತಿದ್ದಿ. ಇಂಥ ತಪ್ಪು ಹುಡುಕುವ ಥ್ರೆಡ್ ಸ್ಯಾನಿಟೈಸರ್ ಇಲ್ಲಿ ಕೈಹಿಡಿಯುವುದಿಲ್ಲ. ಅದು ಒಂದೇ ಪ್ರೊಸೆಸ್‌ನ ಥ್ರೆಡ್‌ಗಳನ್ನು ನೋಡುತ್ತದೆ, ಪೋಸ್ಟ್‌ಗ್ರೆಸ್‌ನ ವರ್ಕರ್‌ಗಳು ಬೇರೆ ಬೇರೆ ಪ್ರೊಸೆಸ್.

ತಯಾರಾದ ಯಂತ್ರ ಕೋಡ್ ತೋರಿಸುವ ಆಬ್ಜ್‌ಡಂಪ್ ಹಾಕಿ ಕಣ್ಣಾರೆ ನೋಡುವುದೂ ಒಳ್ಳೆಯದು. ಆರ್ಮ್ 64ರಲ್ಲಿ ಜಿಸಿಸಿ ಕಂಪೈಲರ್ ರೀಡ್ ಬ್ಯಾರಿಯರ್‌ಗೆ ಡಿಎಂಬಿ ಐಎಸ್‌ಎಚ್‌ಎಲ್‌ಡಿ ಎಂಬ ಇನ್‌ಸ್ಟ್ರಕ್ಷನ್, ಉಳಿದೆರಡಕ್ಕೂ ಡಿಎಂಬಿ ಐಎಸ್‌ಎಚ್ ಹಾಕುತ್ತದೆ. ಇಂಟೆಲ್‌ನಲ್ಲಿ ರೀಡ್, ರೈಟ್ ಬ್ಯಾರಿಯರ್‌ಗಳಿಗೆ ಯಾವ ಇನ್‌ಸ್ಟ್ರಕ್ಷನ್ನೂ ಇರುವುದಿಲ್ಲ, ಗಾಬರಿ ಬೇಡ. ಪೂರ್ತಿ ಬ್ಯಾರಿಯರ್‌ಗೆ ಮಾತ್ರ ಸ್ಟ್ಯಾಕ್‌ಗೆ ಸೊನ್ನೆ ಕೂಡಿಸುವ ಲಾಕ್ ಆ್ಯಡ್ ಕಾಣುತ್ತದೆ.

ಸೆಕೆಂಡಿಗೆ 10 ರೀಡಿಂಗಿಗೆ ಇಷ್ಟೆಲ್ಲ ಬೇಕೇ? ಬೇಡ. ಒಮ್ಮೆಗೆ ಒಬ್ಬನನ್ನೇ ಒಳಬಿಡುವ ಸ್ಪಿನ್‌ಲಾಕ್ ಧಾರಾಳ ಸಾಕು, ಅದರೊಳಗೆ ಬ್ಯಾರಿಯರ್ ಇದ್ದೇ ಇದೆ, ಹೊಸ ಕೋಡಿಗೆ ನಾವು ಹಾಕುವುದೂ ಅದನ್ನೇ. ಈ ರಿಂಗ್ ಉಳಿದದ್ದು ಅದೇ ಲೈಬ್ರರಿಯನ್ನು ಮಿಲ್ಲಿನ ಕಂಪನ ಸೆನ್ಸರ್‌ಗೂ ಬಳಸುವುದರಿಂದ, ಅಲ್ಲಿ ಸೆಕೆಂಡಿಗೆ ಸಾವಿರಾರು ರೀಡಿಂಗ್. ಎರಡನೇ ಕಾಟಾ ಬಂದಾಗ ಒಂದೇ ರಿಂಗ್‌ಗೆ ಇಬ್ಬರು ಬರೆಯುವವರನ್ನು ಕೂರಿಸುವ ಮಾತು ಬಂತು. ಅದಕ್ಕೆ ಕಂಪೇರ್-ಎಕ್ಸ್‌ಚೇಂಜ್, ಸ್ಲಾಟಿಗೊಂದು ಸ್ಥಿತಿಯ ಗುರುತು, ಮತ್ತೆ ಹೊಸ ಜೋಡಿಗಳ ಲೆಕ್ಕ. ಬೇಡವೆಂದು ಅದಕ್ಕೆ ಬೇರೆಯೇ ರಿಂಗ್ ಕೊಟ್ಟೆವು. ಇನ್ನೊಂದು 32 ಕೆಬಿ ಹೋಯಿತು, ಓದುವ ವರ್ಕರ್ ಎರಡನ್ನೂ ಸರದಿಯಂತೆ ನೋಡುತ್ತದೆ.