ಮೊಟ್ಟೆ, ಹಾಲು, ಬೆಣ್ಣೆ ಬೇಡದ ಚಾಕೊಲೇಟ್ ಕೇಕ್

ಮೊಟ್ಟೆಯಿಲ್ಲದ ಕೇಕ್ ಎಂದೊಡನೆ ನಮ್ಮ ಅಡುಗೆಮನೆಗಳಲ್ಲಿ ಮೊದಲು ನೆನಪಾಗುವುದು ಮೊಸರು, ಹಾಲಿನ ಪುಡಿ ಅಥವಾ ಕಂಡೆನ್ಸ್ಡ್ ಮಿಲ್ಕಿನ ಡಬ್ಬಿ. ಹಾಲಿನ ಅಲರ್ಜಿ ಇರುವ ಮಗುವಿನ ಹುಟ್ಟುಹಬ್ಬಕ್ಕೋ, ಹಾಲು-ಮೊಸರನ್ನೂ ಬಿಟ್ಟಿರುವ ನೆಂಟರಿಗೋ ಕೇಕ್ ಮಾಡಬೇಕಾಗಿ ಬಂದಾಗ ಆ ದಾರಿಯೂ ಮುಚ್ಚಿಹೋಗುತ್ತದೆ. ಆಗ ಬಾದಾಮಿ ಹಾಲು, ಅಗಸೆ ಬೀಜದ ಪುಡಿ ಎಂದು ಬದಲಿ ಪದಾರ್ಥಗಳ ಹುಡುಕಾಟ ಶುರುವಾಗುತ್ತದೆ. ಅದರ ಅಗತ್ಯವೇ ಇಲ್ಲ. ಮೈದಾ, ಸಕ್ಕರೆ, ಕೋಕೋ ಪುಡಿ, ಅಡುಗೆ ಸೋಡಾ, ಎಣ್ಣೆ, ವಿನೆಗರ್ ಮತ್ತು ನೀರು ಇದ್ದರೆ ಮೆತ್ತಗಿನ, ತೇವವುಳ್ಳ ಚಾಕೊಲೇಟ್ ಕೇಕ್ ಆಗುತ್ತದೆ. ಇದರಲ್ಲಿ ಯಾವ ಪದಾರ್ಥವೂ ಇನ್ನೊಂದರ ಬದಲಿಗೆ ಬಂದು ಕೂತದ್ದಲ್ಲ. ಈ ಕೇಕಿನ ಕಟ್ಟಡವೇ ಬೇರೆ.

ಇದು ಅಮೆರಿಕದ ಮನೆ ಅಡುಗೆ. ಅಲ್ಲಿ ಇದನ್ನು ವ್ಯಾಕಿ ಕೇಕ್ ಎಂದೂ ಡಿಪ್ರೆಶನ್ ಕೇಕ್ ಎಂದೂ ಕರೆಯುತ್ತಾರೆ. 1930ರ ದಶಕದ ಆರ್ಥಿಕ ಮುಗ್ಗಟ್ಟು ಮತ್ತು ಎರಡನೆಯ ಮಹಾಯುದ್ಧದ ಪಡಿತರದ ದಿನಗಳೊಂದಿಗೆ ಇದರ ಹೆಸರು ಬೆಸೆದುಕೊಂಡಿದೆ. 1943ರ ಮಾರ್ಚ್‌ನಲ್ಲಿ ಬೆಣ್ಣೆಯೂ ಅಲ್ಲಿ ಪಡಿತರಕ್ಕೆ ಒಳಪಟ್ಟಿತು. ಸಕ್ಕರೆಗೆ ಅದಕ್ಕೂ ಹಿಂದಿನ ವರ್ಷವೇ ಪಡಿತರ ಬಂದಿತ್ತು. ಹೀಗಾಗಿ ಒಂದು ಕಪ್ ಸಕ್ಕರೆ ಬೇಡುವ ಈ ಕೇಕ್ ಆಗಲೂ ಅಷ್ಟು ಸುಲಭಕ್ಕೆ ದಕ್ಕುವ ತಿಂಡಿಯಾಗಿರಲಿಲ್ಲ ಎಂದೇ ನನಗೆ ತೋರುತ್ತದೆ.

ಅಳತೆ ಹೀಗಿದೆ. ಮೈದಾ ಒಂದೂವರೆ ಕಪ್, ಅಂದರೆ ಸುಮಾರು 190 ಗ್ರಾಂ. ಸಕ್ಕರೆ 180ರಿಂದ 200 ಗ್ರಾಂ. ಕೋಕೋ ಪುಡಿ 25 ಗ್ರಾಂ. ಅಡುಗೆ ಸೋಡಾ ತಲೆ ಸವರಿದ ಒಂದು ಟೀ ಚಮಚ. ಉಪ್ಪು ಅರ್ಧ ಟೀ ಚಮಚ. ಇವು ಒಣ ಪದಾರ್ಥಗಳು. ದ್ರವಗಳಲ್ಲಿ ಎಣ್ಣೆ 80 ಮಿ.ಲೀ., ಬಿಳಿ ವಿನೆಗರ್ ಒಂದು ದೊಡ್ಡ ಚಮಚ (15 ಮಿ.ಲೀ.), ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಉಗುರು ಬೆಚ್ಚಗಿನ ನೀರು 240 ಮಿ.ಲೀ. ಇಲ್ಲಿ ಕಪ್ ಎಂದರೆ 240 ಮಿ.ಲೀ.ನ ಅಳತೆ ಕಪ್ಪೇ ಹೊರತು ಕಾಫಿ ಕುಡಿಯುವ ಲೋಟವಲ್ಲ. ಸಾರಿಗೆ ಕೈಯಂದಾಜು ಸಾಕು, ಕೇಕಿಗೆ ಸಾಲದು. ತೂಕದ ಯಂತ್ರ ಇದ್ದವರು ಮೈದಾವನ್ನು ತೂಗಿಯೇ ಹಾಕಬೇಕು, ಏಕೆಂದರೆ ಡಬ್ಬಿಯಲ್ಲಿ ಒತ್ತಿ ತುಂಬಿದ ಮೈದಾಕ್ಕೂ ಜರಡಿ ಹಿಡಿದ ಮೈದಾಕ್ಕೂ ಒಂದೇ ಕಪ್ಪಿನಲ್ಲಿ ಸಾಕಷ್ಟು ವ್ಯತ್ಯಾಸ ಬರುತ್ತದೆ. ನಮ್ಮ ಅಂಗಡಿಯ ಸಕ್ಕರೆಯ ಹರಳು ದಪ್ಪ. ಅದನ್ನು ಮಿಕ್ಸಿಯಲ್ಲಿ ಒಂದು ಸುತ್ತು ಪುಡಿ ಮಾಡಿಕೊಂಡರೆ ಹಿಟ್ಟಿನಲ್ಲಿ ಬೇಗ ಕರಗುತ್ತದೆ. ಎಣ್ಣೆ ಸೂರ್ಯಕಾಂತಿಯದ್ದಾದರೆ ಒಳ್ಳೆಯದು. ಗಾಣದ ಕಡಲೆಕಾಯಿ ಎಣ್ಣೆಯ ವಾಸನೆ ಕೋಕೋವನ್ನು ಮೀರಿ ನಿಲ್ಲುತ್ತದೆ; ಕೊಬ್ಬರಿ ಎಣ್ಣೆಯ ಪರಿಮಳ ಇಷ್ಟಪಡುವವರು ಅದನ್ನೇ ಬಳಸಬಹುದು, ಆದರೆ ಚಳಿಗೆ ಅದು ಹೆಪ್ಪುಗಟ್ಟುವುದರಿಂದ ಕೇಕ್ ಮರುದಿನ ತುಸು ಗಟ್ಟಿಯಾಗುತ್ತದೆ.

ಕೋಕೋ ಪುಡಿಯ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಹಾಲಿಗೆ ಬೆರೆಸಿ ಕುಡಿಯುವ ಡ್ರಿಂಕಿಂಗ್ ಚಾಕೊಲೇಟ್ ಕೋಕೋ ಪುಡಿಯಲ್ಲ. ಅದರಲ್ಲಿ ಸಕ್ಕರೆಯ ಪಾಲೇ ದೊಡ್ಡದು, ಕೆಲವದರಲ್ಲಿ ಹಾಲಿನ ಪುಡಿಯೂ ಇರುತ್ತದೆ. ಅದನ್ನು ಹಾಕಿದರೆ ಕೇಕ್ ಅತಿ ಸಿಹಿಯಾಗಿ, ಬಣ್ಣ ಚಹಾದಂತೆ ತಿಳಿಯಾಗಿ ಬರುತ್ತದೆ. ಸಕ್ಕರೆ ಸೇರಿಸದ, ನಾಲಿಗೆಗೆ ಇಟ್ಟರೆ ಕಹಿಯಾಗುವ ಪುಡಿಯೇ ಬೇಕು. ಪೊಟ್ಟಣದ ಹಿಂಬದಿಯ ಪದಾರ್ಥಗಳ ಸಾಲಿನಲ್ಲಿ ಆಮ್ಲತೆ ನಿಯಂತ್ರಕ ಎಂದು 500 ಅಥವಾ 501ರ ಸಂಖ್ಯೆ ಕಂಡರೆ ಅದು ಕ್ಷಾರದಿಂದ ಸಂಸ್ಕರಿಸಿದ, ಡಚ್ ವಿಧಾನದ ಕೋಕೋ ಎಂದು ತಿಳಿಯಬಹುದು. ಬಣ್ಣ ಕಡುಗಪ್ಪು, ಹುಳಿ ಕಡಿಮೆ. ಸಂಸ್ಕರಿಸದ ಪುಡಿ ಕೆಂಪು ಮಿಶ್ರಿತ ಕಂದು ಬಣ್ಣದ್ದು, ಸಹಜವಾಗಿ ಹುಳಿಯುಳ್ಳದ್ದು. ಈ ಕೇಕಿಗೆ ಹೊಂದುವುದು ಎರಡನೆಯದು, ಏಕೆಂದರೆ ಅದರ ಹುಳಿಯೂ ಸೋಡಾದೊಂದಿಗೆ ಸೇರಿ ಕೆಲಸ ಮಾಡುತ್ತದೆ. ಕೋಕೋ ನಮಗೆ ದೂರದ ಬೆಳೆಯೇನೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಉಪಬೆಳೆಯಾಗಿ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಮೊಟ್ಟೆಯಿಲ್ಲದೆ ಈ ಕೇಕ್ ಉಬ್ಬುವುದಾದರೂ ಹೇಗೆ? ವಿನೆಗರ್ ಸೋಡಾವನ್ನು ಮುಟ್ಟಿದ ಕ್ಷಣವೇ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಆದರೆ ಒಂದು ಚಮಚ ವಿನೆಗರ್‌ನಲ್ಲಿರುವ ಆಮ್ಲ ಸೋಡಾದ ಒಂದು ಪಾಲನ್ನಷ್ಟೇ ಮುಗಿಸಬಲ್ಲದು. ಇನ್ನೊಂದಿಷ್ಟನ್ನು ಕೋಕೋದ ಹುಳಿ ತೆಗೆದುಕೊಳ್ಳುತ್ತದೆ, ಉಳಿದ ಸೋಡಾ ಒಲೆಯ ಬಿಸಿಗೆ ತಾನೇ ಒಡೆದು ಗಾಳಿ ಬಿಡುತ್ತದೆ. ಹೀಗೆ ಒಡೆದಾಗ ಉಳಿಯುವ ಕ್ಷಾರವೇ ಕೇಕಿಗೆ ಗಾಢ ಬಣ್ಣ ಕೊಡುತ್ತದೆ. ಅದು ಮಿತಿ ಮೀರಿದರೆ ಸೋಪಿನ ರುಚಿ ಬರುವುದೂ ಅದರಿಂದಲೇ. ಇನ್ನಷ್ಟು ಉಬ್ಬಲಿ ಎಂದು ಸೋಡಾವನ್ನು ಧಾರಾಳವಾಗಿ ಸುರಿಯುವ ಕೈಗೆ ಇಲ್ಲಿ ಜಾಗವಿಲ್ಲ. ಗಾಳಿಯಿಂದ ಉಬ್ಬಿದ ಹಿಟ್ಟನ್ನು ಹಿಡಿದು ನಿಲ್ಲಿಸುವುದು ಬೇಯುತ್ತ ಗಟ್ಟಿಯಾಗುವ ಮೈದಾದ ಪಿಷ್ಟ ಮತ್ತು ಅಂಟು. ಮೊಟ್ಟೆಯ ಆಸರೆ ಇಲ್ಲದ್ದರಿಂದ ಆ ಹಿಡಿತ ನಾಜೂಕಾದದ್ದು: ಹಿಟ್ಟು ಬೇಯದೆ ಕಾದು ಕೂತಷ್ಟೂ ಗಾಳಿ ಪಾರಾಗುತ್ತದೆ, ಕಲಸಿದಷ್ಟೂ ಅಂಟು ಬಿಗಿದು ಕೇಕ್ ರಬ್ಬರಿನಂತಾಗುತ್ತದೆ.

ಆದ್ದರಿಂದ ಮೊದಲು ಕಾಯಬೇಕಾದದ್ದು ಓವನ್. ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಆದರೆ ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್‌ಗಳನ್ನು ಹಾಕಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದು ನಿಮಿಷ ಬಿಸಿ ಮಾಡಬೇಕು. ಮೈಕ್ರೋವೇವ್ ಆದರೆ ಅದರ ಕನ್ವೆಕ್ಷನ್ ವಿಧಾನವನ್ನೇ ಆರಿಸಿಕೊಳ್ಳಬೇಕು. ಅಷ್ಟರಲ್ಲಿ 8 ಇಂಚಿನ ಚೌಕ ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬೆಣ್ಣೆ ಕಾಗದ ಹಾಸಿಡಬೇಕು. ಹೆಸರು ಬೆಣ್ಣೆ ಕಾಗದವಾದರೂ ಅದರಲ್ಲಿ ಬೆಣ್ಣೆಯಿಲ್ಲ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಅಭ್ಯಾಸಬಲದಿಂದ ಟಿನ್ನಿಗೆ ತುಪ್ಪ ಸವರುವ ಕೈಗೆ; ಹಾಲಿನ ಅಲರ್ಜಿ ಇರುವವರಿಗೆಂದು ಮಾಡುವಾಗ ಆ ಒಂದು ಸವರಿಕೆ ಉಳಿದೆಲ್ಲ ಎಚ್ಚರವನ್ನೂ ವ್ಯರ್ಥ ಮಾಡುತ್ತದೆ. ಒಮ್ಮೆ ನಾನು ಹಿಟ್ಟು ಕಲಸಿಟ್ಟು ಆಮೇಲೆ ಓವನ್ ಹಚ್ಚಲು ಹೋದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಮುಕ್ಕಾಲು ಗಂಟೆಯ ಬಳಿಕ ಅದು ಬರುವಷ್ಟರಲ್ಲಿ ಹಿಟ್ಟಿನ ಮೇಲಿನ ಗುಳ್ಳೆಗಳೆಲ್ಲ ಒಡೆದು ಸುಮ್ಮನಾಗಿದ್ದವು, ಬೆಂದು ಬಂದದ್ದು ಬರ್ಫಿಯಷ್ಟು ದಪ್ಪದ ಬಿಲ್ಲೆ. ಮಕ್ಕಳು ತಿಂದರು, ಆದರೆ ಅದನ್ನು ಕೇಕ್ ಎಂದು ಯಾರೂ ಕರೆಯಲಿಲ್ಲ.

ಓವನ್ ಬಿಸಿಯಾದ ಮೇಲೆ ಮೈದಾ, ಕೋಕೋ, ಸೋಡಾ, ಉಪ್ಪು ಇವನ್ನು ಒಟ್ಟಿಗೆ ಎರಡು ಬಾರಿ ಜರಡಿ ಹಿಡಿಯಬೇಕು. ಸೋಡಾದ ಒಂದು ಗಂಟು ಒಡೆಯದೆ ಉಳಿದರೂ ತಿನ್ನುವಾಗ ಬಾಯಿಗೆ ಸಿಕ್ಕಿ ಕಹಿಯಾಗುತ್ತದೆ. ಇದಕ್ಕೆ ಸಕ್ಕರೆ ಬೆರೆಸಿ, ಅಗಲವಾದ ಪಾತ್ರೆಯಲ್ಲಿ ಹರವಿ, ಚಮಚದ ಬೆನ್ನಿನಿಂದ ಮೂರು ಗುಳಿ ಮಾಡಬೇಕು: ಒಂದು ದೊಡ್ಡದು, ಎರಡು ಸಣ್ಣವು. ದೊಡ್ಡದರಲ್ಲಿ ಎಣ್ಣೆ, ಸಣ್ಣವುಗಳಲ್ಲಿ ವಿನೆಗರ್ ಮತ್ತು ವೆನಿಲಾ. ವಿನೆಗರ್ ಬಿದ್ದ ಗುಳಿಯ ಅಂಚಿನಲ್ಲಿ ಕಂದು ನೊರೆ ಸಣ್ಣಗೆ ಸಿರ್ರೆನ್ನುತ್ತದೆ. ಸಿರ್ರೆನ್ನದಿದ್ದರೆ ಸೋಡಾ ಹಳತಾಗಿದೆ, ಅಲ್ಲಿಗೇ ನಿಲ್ಲಿಸಿ ಹೊಸ ಪೊಟ್ಟಣ ತರಿಸುವುದೇ ಮೇಲು. ಈಗ ನೀರನ್ನು ಒಮ್ಮೆಲೇ ಎಲ್ಲದರ ಮೇಲೆ ಸುರಿದು, ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಬೇಕು. ಪಾತ್ರೆಯ ಮೂಲೆಯಲ್ಲಿ ಒಣ ಮೈದಾ ಅಡಗಿರುತ್ತದೆ, ಅದನ್ನು ಕೆರೆದು ಸೇರಿಸಬೇಕು. ನಲವತ್ತು ಐವತ್ತು ಸುತ್ತು ಸಾಕು. ಹಿಟ್ಟು ದೋಸೆ ಹಿಟ್ಟಿಗಿಂತ ತುಸು ಮಂದವಾಗಿ, ಹೊಳಪಿನಿಂದ ಕೂಡಿರುತ್ತದೆ. ಒಂದೆರಡು ಚಿಕ್ಕ ಗಂಟು ಕಂಡರೆ ಹಾಗೆಯೇ ಬಿಡಬಹುದು, ಅವು ಬೇಯುವಾಗ ಕರಗುತ್ತವೆ. ಗಂಟು ಬಿಡಿಸುವ ಹಟಕ್ಕೆ ಬಿದ್ದವರ ಕೇಕ್ ಗಟ್ಟಿಯಾಗುತ್ತದೆ. ಬೀಟರ್ ಬಳಸಲೇಬಾರದು. ಅಮೆರಿಕದಲ್ಲಿ ಎಷ್ಟೋ ಮಂದಿ ಇದನ್ನೆಲ್ಲ ಬೇಯಿಸುವ ಟಿನ್ನಿನಲ್ಲೇ ಕಲಸಿಬಿಡುತ್ತಾರೆ. ತೊಳೆಯುವ ಪಾತ್ರೆ ಒಂದು ಉಳಿಯುತ್ತದೆ ಎಂಬುದೇನೋ ನಿಜ, ಆದರೆ ಹಾಗೆ ಮಾಡಿದಾಗ ಮೂಲೆಯ ಒಣ ಮೈದಾ ತಪ್ಪಿಸಿಕೊಳ್ಳುವುದೂ ಅಷ್ಟೇ ನಿಜ.

ಕಲಸಿದ ಹಿಟ್ಟನ್ನು ಕೂಡಲೇ ಟಿನ್ನಿಗೆ ಸುರಿದು, ಒಮ್ಮೆ ಮಾತ್ರ ಮೆಲ್ಲಗೆ ಕುಟ್ಟಿ, ಓವನ್ನಿನ ನಡುವಿನ ಹಂತದಲ್ಲಿ ಇಡಬೇಕು. 30ರಿಂದ 35 ನಿಮಿಷ ಬೇಕಾಗುತ್ತದೆ. 8 ಇಂಚಿನ ಗುಂಡು ಟಿನ್ನಿನಲ್ಲಿ ಹಿಟ್ಟು ಎತ್ತರವಾಗಿ ನಿಲ್ಲುವುದರಿಂದ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಮೊದಲ 25 ನಿಮಿಷ ಬಾಗಿಲು ತೆರೆಯಬಾರದು. ನಡುಮಧ್ಯಕ್ಕೆ ಚುಚ್ಚಿದ ಬಿದಿರಿನ ಕಡ್ಡಿಗೆ ಹಸಿ ಹಿಟ್ಟು ಅಂಟದೆ ಒಂದೆರಡು ತೇವದ ತುಣುಕು ಮಾತ್ರ ಹತ್ತಿದರೆ ಬೆಂದಿದೆ ಎಂದರ್ಥ. ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ಅಂಚು ಒಣಗುತ್ತದೆ.

ಓವನ್ ಇಲ್ಲದವರು ಹಳೆಯ ಕುಕ್ಕರಿನಲ್ಲಿ ಮಾಡಬಹುದು. ಒಣಗಿದ ಕುಕ್ಕರಿಗೆ ಒಂದು ಕಪ್ ಪುಡಿ ಉಪ್ಪು ಹರವಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದು ಮುಚ್ಚಳ ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಗ್ಯಾಸ್ಕೆಟ್ ಒಳಗೇ ಉಳಿದರೆ ಸುಟ್ಟ ರಬ್ಬರಿನ ವಾಸನೆ ಕೇಕಿಗೆ ಹತ್ತುತ್ತದೆ. ಟಿನ್ನು ಕುಕ್ಕರಿನ ಗೋಡೆಗೆ ತಾಗಬಾರದು. ಹಾಗಾಗಿ ಸಾಧಾರಣ ಮನೆ ಕುಕ್ಕರಿಗೆ ಮೇಲಿನ ಅಳತೆಯ ಅರ್ಧದಷ್ಟನ್ನು ಮಾಡಿ 6 ಇಂಚಿನ ಗುಂಡು ಟಿನ್ನಿನಲ್ಲಿ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸುವುದು ಸೂಕ್ತ. ತಳಕ್ಕೆ ಹಾಕಿದ ಉಪ್ಪು ಅಡುಗೆಗೆ ಬಾರದು, ಮುಂದಿನ ಕೇಕಿಗೆಂದು ಡಬ್ಬಿಯಲ್ಲಿ ತೆಗೆದಿಡಬಹುದು.

ಬೆಂದ ಕೇಕನ್ನು ಹತ್ತು ಹದಿನೈದು ನಿಮಿಷ ಟಿನ್ನಿನಲ್ಲೇ ಬಿಡಬೇಕು. ಬಿಸಿಯಿರುವಾಗ ಬೋರಲು ಹಾಕಿದರೆ ನಡುವೆ ಮುರಿಯುತ್ತದೆ. ಮೊಟ್ಟೆಯಿಲ್ಲದ ಕೇಕಿಗೆ ಗಟ್ಟಿತನ ಬರುವುದು ಆರಿದ ಮೇಲೆಯೇ. ನಡುಭಾಗ ಕುಸಿದಿದ್ದರೆ ಹಿಟ್ಟು ಕಾದು ಕೂತಿತ್ತು, ಸೋಡಾ ಹೆಚ್ಚಾಗಿತ್ತು ಅಥವಾ ಬೇಗ ಬಾಗಿಲು ತೆರೆದದ್ದಾಗಿತ್ತು. ಮೇಲೆ ಬೆಟ್ಟದಂತೆ ಉಬ್ಬಿ ಬಿರುಕು ಬಿಟ್ಟಿದ್ದರೆ ಓವನ್ ಅತಿ ಬಿಸಿಯಾಗಿತ್ತು.

ಮೇಲೆ ಸವರಲು ಮುಕ್ಕಾಲು ಕಪ್ ಐಸಿಂಗ್ ಸಕ್ಕರೆ, ಎರಡು ದೊಡ್ಡ ಚಮಚ ಕೋಕೋ, ಒಂದು ಟೀ ಚಮಚ ಎಣ್ಣೆ ಸೇರಿಸಿ, ಬಿಸಿ ನೀರನ್ನು ಚಮಚ ಚಮಚವಾಗಿ ಹಾಕುತ್ತ ಕಲಸಿದರೆ ಹೊಳೆಯುವ ಲೇಪ ಸಿದ್ಧವಾಗುತ್ತದೆ. ಎರಡು ಚಮಚಕ್ಕಿಂತ ಹೆಚ್ಚು ನೀರು ಬೇಕಾಗುವುದು ಅಪರೂಪ. ನನಗೆ ಲೇಪಕ್ಕಿಂತ ಇಷ್ಟವಾದದ್ದು ಕಾಫಿಯ ಉಪಾಯ: ಕಲಸುವ ನೀರಿನಲ್ಲಿ ಎರಡು ಮೂರು ದೊಡ್ಡ ಚಮಚದಷ್ಟನ್ನು ತೆಗೆದು, ಅದರ ಜಾಗಕ್ಕೆ ಫಿಲ್ಟರಿನ ಗಟ್ಟಿ ಡಿಕಾಕ್ಷನ್ ಹಾಕಿದರೆ ಕಾಫಿಯ ರುಚಿ ಮುಂದೆ ಬರುವುದಿಲ್ಲ, ಕೋಕೋದ ಕಹಿ ಮಾತ್ರ ಆಳವಾಗುತ್ತದೆ. ವಿನೆಗರ್ ಮನೆಯಲ್ಲಿಲ್ಲದಿದ್ದರೆ ಅಷ್ಟೇ ಅಳತೆಯ, ಸೋಸಿದ ನಿಂಬೆರಸ ಸಾಕು.

ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟರೆ ಕೇಕ್ ಹೊರಗೇ ಎರಡು ದಿನ ಕೆಡುವುದಿಲ್ಲ. ಬೇಸಿಗೆಯಲ್ಲಾದರೆ ಎರಡನೆಯ ದಿನ ಫ್ರಿಜ್ಜಿಗೆ ಹೋಗಲಿ. ಬೆಣ್ಣೆಯ ಕೇಕಿನಂತೆ ಇದು ಅಲ್ಲಿ ಕಲ್ಲಾಗುವುದಿಲ್ಲ, ಸೂರ್ಯಕಾಂತಿ ಎಣ್ಣೆ ಆ ತಂಪಿಗೂ ದ್ರವವಾಗಿಯೇ ಇರುತ್ತದೆ. ಹುಟ್ಟುಹಬ್ಬಕ್ಕೆಂದು ಮಾಡುವವರು ಹಿಂದಿನ ಸಂಜೆಯೇ ಬೇಯಿಸಿ ಮುಚ್ಚಿಡುವುದು ಒಳ್ಳೆಯದು. ರಾತ್ರಿ ಕಳೆದ ಕೇಕನ್ನು ಕತ್ತರಿಸುವಾಗ ಪುಡಿಯಾಗುವುದು ಕಡಿಮೆ, ಕೋಕೋದ ರುಚಿಯೂ ಹದವಾಗಿ ಕೂತಿರುತ್ತದೆ.