ಮ್ಯೂನಿಕ್‌ಗೆ ಬಂದಿಳಿದಿರಾ? ದಿನಸಿ ಎಲ್ಲಿ ತರಬೇಕು ಅಂತ ಹೇಳುತ್ತೇನೆ

ಮೊದಲು ಇದನ್ನು ನೆನಪಿಡಿ. ಶನಿವಾರ ರಾತ್ರಿ 8 ಗಂಟೆಯೊಳಗೆ ಹಾಲು, ಬ್ರೆಡ್, ತರಕಾರಿ ಮನೆಗೆ ಬಂದಿರಬೇಕು. ಇಲ್ಲಿ ಸೂಪರ್‌ಮಾರ್ಕೆಟ್‌ಗಳು 8ಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ಮತ್ತು ಸರ್ಕಾರಿ ರಜೆ ದಿನ ತೆರೆಯುವುದೇ ಇಲ್ಲ. ನಾನು ಬಂದ ಮೊದಲ ಭಾನುವಾರ ಹಾಲಿಗಾಗಿ ನಾಲ್ಕು ಬೀದಿ ಸುತ್ತಿ ಬರಿಗೈಲಿ ವಾಪಸ್ ಬಂದಿದ್ದೆ. ತೀರಾ ಬೇಕೆಂದರೆ ಮುಖ್ಯ ರೈಲು ನಿಲ್ದಾಣದಲ್ಲೋ ವಿಮಾನ ನಿಲ್ದಾಣದಲ್ಲೋ ಅಂಗಡಿ ಸಿಗುತ್ತದೆ.

ಹೊಸದಾಗಿ ಬಂದವರು ಎಲ್ಲವನ್ನೂ ಇಂಡಿಯನ್ ಅಂಗಡಿಯಲ್ಲೇ ತರುತ್ತಾರೆ. ಬೇಡ, ಸುಮ್ನೆ ದುಡ್ಡು ಹೋಗುತ್ತದೆ. ಈರುಳ್ಳಿ, ಆಲೂಗಡ್ಡೆ, ಹಾಲು, ಸಕ್ಕರೆ, ಎಣ್ಣೆಗೆ ಮನೆ ಹತ್ತಿರದ ಆಲ್ಡಿ, ಲಿಡ್ಲ್ ಅಥವಾ ಪೆನಿ ಸಾಕು. ರೆವೆ, ಎಡೆಕಾದಲ್ಲಿ ಬೆಲೆ ಸ್ವಲ್ಪ ಜಾಸ್ತಿ, ಆದರೆ ಅಲ್ಲೂ ಅವರದೇ ಅಗ್ಗದ ಬ್ರ್ಯಾಂಡ್ ಇರುತ್ತದೆ. ರೆವೆಯಲ್ಲಿ 'ಯಾ!', ಎಡೆಕಾದಲ್ಲಿ 'ಗುಟ್ ಉಂಟ್ ಗ್ಯುನ್ಸ್ಟಿಗ್'. ಅವು ಕೆಳಗಿನ ಸಾಲಿನಲ್ಲಿರುತ್ತವೆ, ಬಗ್ಗಿ ನೋಡಿ.

ನಮ್ಮ ಅಡುಗೆಗೆ ಬೇಕಾದ ಎಷ್ಟೋ ಸಾಮಾನು ಈ ಅಂಗಡಿಗಳಲ್ಲೇ ಇದೆ, ಹೆಸರು ಬೇರೆ ಅಷ್ಟೇ. ಉಪ್ಪಿಟ್ಟಿಗೆ 'ಹಾರ್ಟ್‌ವೈಟ್ಸೆನ್‌ಗ್ರೀಸ್' ತನ್ನಿ. ಪಕ್ಕದಲ್ಲೇ 'ವೈಶ್‌ವೈಟ್ಸೆನ್‌ಗ್ರೀಸ್' ಇರುತ್ತದೆ, ಅದು ಮೆತ್ತಗಾಗಿ ಅಂಟಿಕೊಳ್ಳುತ್ತದೆ. 405 ಅಂತ ಬರೆದಿರುವ ಗೋಧಿ ಹಿಟ್ಟು ನಮ್ಮ ಮೈದಾ ಥರ, ಅದರಲ್ಲಿ ಚಪಾತಿ ಮಾಡಲು ಹೋಗಬೇಡಿ. 'ರೋಟೆ ಲಿನ್ಸೆನ್' ಅಂದರೆ ಮಸೂರ ಬೇಳೆ, ತೊಗರಿ ಮುಗಿದ ದಿನ ಸಾರಿಗೆ ಅದೇ ಗತಿ. ಮೊಸರಿಗೆ 3.5 ಪರ್ಸೆಂಟ್ ಕೊಬ್ಬಿನ 'ನಾಟೂರ್‌ಯೋಗುರ್ಟ್'. ತುಪ್ಪವನ್ನಂತೂ ದುಡ್ಡು ಕೊಟ್ಟು ತರಲೇಬೇಡಿ. 'ಝವರ್‌ರಾಮ್‌ಬುಟರ್' ಅಂದರೆ ಹುಳಿ ಬರಿಸಿದ ಕೆನೆಯ ಬೆಣ್ಣೆ, ಉಪ್ಪಿಲ್ಲದ್ದನ್ನೇ ತಂದು ಸಣ್ಣ ಉರಿಯಲ್ಲಿ ಕಾಯಿಸಿ, ಆ ಘಮಕ್ಕೆ ಊರಲ್ಲಿ ಅಮ್ಮ ಬೆಣ್ಣೆ ಕಾಯಿಸುತ್ತಿದ್ದ ದಿನಗಳು ನೆನಪಾಗುತ್ತವೆ.

ಸೊಪ್ಪು ತರಕಾರಿಗೆ ಟರ್ಕಿಯವರ ಅಂಗಡಿಗೆ ಹೋಗಿ. ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಯ್ಥೆಸ್ಟ್ರಾಸೆ, ಲಾಂಡ್‌ವೇರ್‌ಸ್ಟ್ರಾಸೆ ಸುತ್ತಮುತ್ತ ಇವು ಸಾಲಾಗಿವೆ. ಸೂಪರ್‌ಮಾರ್ಕೆಟ್‌ನಲ್ಲಿ ಕೊತ್ತಂಬರಿ ಸೊಪ್ಪು ಪುಟ್ಟ ಕುಂಡದಲ್ಲಿ ನಾಲ್ಕು ಎಳೆ ಸಿಗುತ್ತದೆ, ಇಲ್ಲಿ ಕೈತುಂಬ ಕಟ್ಟು. ಪುದೀನ, ಬದನೆಕಾಯಿ, ಬೆಂಡೆಕಾಯಿ, ದೊಡ್ಡ ಚೀಲದ ಕಡಲೆಕಾಳು, ಬಕೆಟ್ಟಿನಲ್ಲಿ ಗಟ್ಟಿ ಮೊಸರು, ಎಲ್ಲಾ ಇಲ್ಲೇ. ವಿಕ್ಟುವಾಲಿಯನ್‌ಮಾರ್ಕ್ಟ್ ಬಹಳ ಚೆಂದದ ಮಾರುಕಟ್ಟೆ, ಆದರೆ ದಿನದ ತರಕಾರಿಗೆ ದುಬಾರಿ.

ಇಂಡಿಯನ್ ಅಂಗಡಿಗೆ ತಿಂಗಳಿಗೊಮ್ಮೆ ಹೋದರೆ ಸಾಕು. ಸೋನಾ ಮಸೂರಿ, ತೊಗರಿಬೇಳೆ, ಉದ್ದಿನಬೇಳೆ, ಇಡ್ಲಿ ಅಕ್ಕಿ, ಚಪಾತಿ ಹಿಟ್ಟು, ಅವಲಕ್ಕಿ, ಫ್ರೀಜರ್‌ನಲ್ಲಿಟ್ಟ ತೆಂಗಿನ ತುರಿ. ರಾಗಿ ಹಿಟ್ಟಿನ ಪ್ಯಾಕೆಟ್ ಮೇಲಿನ ತಾರೀಖು ನೋಡದೆ ತರಬೇಡಿ, ಹಳೆಯದಾದರೆ ಮುದ್ದೆ ಕಹಿಯಾಗುತ್ತದೆ. ಹಸಿ ಕರಿಬೇವು ಯಾವ ದಿನ ಬರುತ್ತದೆ ಅಂತ ಅಂಗಡಿಯವರನ್ನೇ ಕೇಳಿ. ಜಾಸ್ತಿ ತಂದು, ತೊಳೆದು ನೀರಾರಿಸಿ, ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ.

ಬಿಲ್ಲಿಂಗ್‌ನಲ್ಲಿ ಗಾಬರಿಯಾಗಬೇಡಿ. ಅವರು ತುಂಬಾ ಬೇಗ ಸ್ಕ್ಯಾನ್ ಮಾಡುತ್ತಾರೆ, ಚೀಲಕ್ಕೆ ತುಂಬುವ ಕೆಲಸ ನಿಮ್ಮದೇ. ಚೀಲವನ್ನೂ ಮನೆಯಿಂದಲೇ ಒಯ್ಯಿರಿ. ಸಣ್ಣ ಅಂಗಡಿಗಳಿಗಾಗಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳನ್ನು ಎಸೆಯಬೇಡಿ, ಜಜ್ಜಲೂ ಬೇಡಿ. ಸಾಮಾನ್ಯವಾಗಿ ಒಂದೊಂದಕ್ಕೂ 25 ಸೆಂಟ್ 'ಫಾಂಟ್' ಅಂತ ಠೇವಣಿ ಮೊದಲೇ ಕೊಟ್ಟಿರುತ್ತೀರಿ. ಸೂಪರ್‌ಮಾರ್ಕೆಟ್‌ನಲ್ಲಿರುವ ಮೆಷಿನ್‌ಗೆ ಖಾಲಿ ಬಾಟಲಿ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಅದೇ ಅಂಗಡಿಯ ಕೌಂಟರ್‌ನಲ್ಲಿ ಕೊಟ್ಟರೆ ಬಿಲ್‌ನಲ್ಲಿ ಕಳೆಯುತ್ತಾರೆ.