ರಜೆಗೆ ಹೋಗುವಾಗ ಹಾಕುವ ಆಟೋ ರಿಪ್ಲೈ: ನಮ್ಮ ಆಫೀಸಿನಲ್ಲಿ ನಾನು ಬದಲಾಯಿಸಿದ್ದು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಒಂದು ಕಂಪನಿಯ ಮೇಲ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ದೀಪಾವಳಿ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ ಅಂತ ಅರ್ಧ ಆಫೀಸ್ ಊರಿಗೆ ಹೊರಡುತ್ತದೆ. ಒಮ್ಮೆ ಮೇಲಿನವರ ಒಪ್ಪಿಗೆ ಪಡೆದು, ಹೊರಗಿನ ಜಿಮೇಲ್ ಖಾತೆಯಿಂದ ನಮ್ಮವರಿಗೆಲ್ಲ ಒಂದು ಮೇಲ್ ಕಳಿಸಿದೆ. ರಜೆಯಲ್ಲಿದ್ದ ಖರೀದಿ ವಿಭಾಗದವರೊಬ್ಬರಿಂದ ತಕ್ಷಣ ತಾನಾಗಿಯೇ ಬಂದ ಉತ್ತರ, ಅಂದರೆ ಆಟೋ ರಿಪ್ಲೈ, ಹೀಗಿತ್ತು:

"ಸೋಮವಾರದವರೆಗೆ ಊರಲ್ಲಿರುತ್ತೇನೆ, ಫೋನ್ ಸಿಗುವುದು ಕಷ್ಟ. ಪೇಮೆಂಟ್ ಇದ್ದರೆ ಅಕೌಂಟ್ಸ್‌ನ ಇಂಥವರಿಗೆ ಬರೆಯಿರಿ."

ಅಕೌಂಟ್ಸ್‌ನವರ ಹೆಸರು, ಮೇಲ್ ವಿಳಾಸ ಎರಡೂ ಇದ್ದವು. ಕೆಳಗೆ ರಜೆಯಲ್ಲಿದ್ದ ಖರೀದಿಯವರ ಹುದ್ದೆ, ಮೊಬೈಲ್ ನಂಬರ್ ಬೇರೆ. ಯಾರೆಂದೇ ಗೊತ್ತಿಲ್ಲದವನಿಗೆ ಡಂಗುರ ಸಾರಿ ಹೇಳಿದ ಹಾಗಾಯಿತು, ಅಲ್ವಾ? ಮೋಸಗಾರ ಪಾಸ್‌ವರ್ಡ್ ಕದಿಯುವುದೇ ಬೇಡ. ಇವರದೇ ಹೆಸರಿನಲ್ಲಿ ಒಂದು ವಿಳಾಸ ಮಾಡಿಕೊಂಡು, "ನಮ್ಮ ಸಪ್ಲೈಯರ್ ಬ್ಯಾಂಕ್ ಖಾತೆ ಬದಲಾಗಿದೆ, ಇವತ್ತೇ ಹಣ ಹಾಕಿ" ಅಂತ ಅಕೌಂಟ್ಸ್‌ಗೆ ಬರೆದರೆ ಸಾಕು. ನಿಜವಾದವರಿಗೆ ಫೋನ್ ಮಾಡಿ ಕೇಳೋಣವೆಂದರೆ ಅವರು ಸಿಗುವುದಿಲ್ಲ. ನನಗೆ ಜಾಸ್ತಿ ಭಯವಾಗಿದ್ದು ಇದೇ. ವಿಳಾಸ ಚಾಲ್ತಿಯಲ್ಲಿದೆ ಅಂತ ಸ್ಪ್ಯಾಮ್ ಕಳಿಸುವವರಿಗೆ ಗೊತ್ತಾಗುವುದು ಇದರ ಮುಂದೆ ಸಣ್ಣದು.

ನಾವು ಬಳಸುವ ಮೇಲ್ ಆ್ಯಪ್ ಔಟ್‌ಲುಕ್‌ನಲ್ಲಿ ಕಂಪನಿ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು, ಹೀಗೆ ಎರಡು ಉತ್ತರ ಬರೆಯಬಹುದು. ಬಹಳ ಜನ ಒಂದನ್ನೇ ಎರಡೂ ಕಡೆ ಅಂಟಿಸುತ್ತಾರೆ. ನಾನು ಪ್ರತಿ ವಿಭಾಗಕ್ಕೂ ಹೋಗಿ, ಪಕ್ಕದಲ್ಲೇ ಕೂತು ಬದಲಾಯಿಸಿದೆ. ಒಳಗಿನವರಿಗೆ ತಾರೀಖು, ಹೆಸರು ಎಲ್ಲ ಇರಲಿ. ಹೊರಗಿನವರಿಗೆ ಇಷ್ಟೇ: "ಸದ್ಯ ಮೇಲ್ ನೋಡಲು ಆಗುತ್ತಿಲ್ಲ. ತುರ್ತಿದ್ದರೆ ವಿಭಾಗದ ವಿಳಾಸಕ್ಕೆ ಬರೆಯಿರಿ." ಊರು, ತಾರೀಖು, ಮೊಬೈಲ್ ಯಾವುದೂ ಬೇಡ. ಅಕೌಂಟ್ಸ್‌ನವರಿಗೆ ಹೊರಗಿನ ಉತ್ತರವನ್ನೇ ನಿಲ್ಲಿಸಿದೆ. ಪರಿಚಯದವರಿಗೆ ಮಾತ್ರ ಉತ್ತರ ಹೋಗುವ ಆಯ್ಕೆ ಔಟ್‌ಲುಕ್‌ನಲ್ಲೂ ಇದೆ, ಜಿಮೇಲ್‌ನಲ್ಲೂ ಇದೆ.

ಸೇಲ್ಸ್‌ನವರು ಒಪ್ಪಲಿಲ್ಲ. "ಗಿರಾಕಿ ಏನಂದುಕೊಳ್ತಾರೆ ಸರ್, ಯಾರ ಹೆಸರೂ ಇಲ್ಲದಿದ್ದರೆ?" ಅಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೆ ಸೇಲ್ಸ್‌ಗೆ ಒಂದು ಸಾಮಾನ್ಯ ಇನ್‌ಬಾಕ್ಸ್ ಮಾಡಿ, ರಜೆಯಲ್ಲೂ ಒಬ್ಬರು ಅದನ್ನು ನೋಡುವ ಹಾಗೆ ಪಾಳಿ ಹಾಕಿಸಿದೆವು.

ಆದರೂ ಮಾಹಿತಿ ಬೇರೆ ದಾರಿಯಲ್ಲಿ ಸೋರಬಹುದು. ಹಾಗಾಗಿ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಯಾರ ಹೆಸರಲ್ಲಿ ಮೇಲ್ ಬಂದರೂ, ಅದರಲ್ಲಿರುವ ನಂಬರಿಗೆ ಫೋನ್ ಮಾಡುವಂತಿಲ್ಲ. ನಮ್ಮ ಹಳೇ ದಾಖಲೆಯಲ್ಲಿರುವ ನಂಬರಿಗೆ ಮಾಡಿ, ಸಪ್ಲೈಯರ್ ಬಾಯಿಂದಲೇ ಕೇಳಬೇಕು. ಹಣ ಹೋಗಿದೆ ಅಂತ ಗೊತ್ತಾದ ಗಳಿಗೆಯಲ್ಲೇ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಬೇಕು. ಆ ನಂಬರನ್ನು ಅಕೌಂಟ್ಸ್‌ನ ಪ್ರತಿ ಮೇಜಿನ ಮೇಲೂ ಅಂಟಿಸಿದ್ದೇನೆ.